ಬೆಂಗಳೂರಿನ ಮೂರು ನಿಮಿಷದ ಚಿತ್ರಗಳು ಏಕೆ ಮಾತನಾಡುವುದಿಲ್ಲ?

ಬೇಸಿಗೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಅನಿಮೇಶನ್ ಕಾಲೇಜುಗಳಲ್ಲಿ ಅಂತಿಮ ವರ್ಷದವರ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ಮುಂದಿನ ಸಾಲಿನಲ್ಲಿ ಊರಿನಿಂದ ಬಂದ ತಂದೆ ತಾಯಿ, ಹಿಂದೆ ಸಹಪಾಠಿಗಳು, ಬಾಗಿಲ ಬಳಿ ಸ್ಟುಡಿಯೊಗಳಿಂದ ಬಂದ ಒಂದಿಬ್ಬರು. ದೀಪ ಆರುತ್ತದೆ. ಎರಡು ನಿಮಿಷ, ಮೂರು ನಿಮಿಷ, ಹೆಚ್ಚೆಂದರೆ ಐದು ನಿಮಿಷದ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಮಳೆಯಲ್ಲಿ ನೆನೆಯುವ ನಾಯಿಮರಿ, ಗೋಡೆಯೊಳಗಿಂದ ಹೊರಬರುವ ನೆರಳು, ಒಂಟಿ ರೋಬಾಟ್, ಮರವಾಗಿ ಬೆಳೆಯುವ ಅಜ್ಜಿ. ನಾನು ಇಂಥ ಪ್ರದರ್ಶನಗಳಿಗೆ ಆಸೆಯಿಂದ ಹೋಗುತ್ತೇನೆ. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನವರ ಕೈಯಲ್ಲಿ ಈ ಮಟ್ಟದ ಬಣ್ಣ, ಈ ಮಟ್ಟದ ಚಲನೆ ಹುಟ್ಟುವುದನ್ನು ನೋಡಿದಾಗ ಈ ನಗರದ ಬಗ್ಗೆ ಹೆಮ್ಮೆಯಾಗುತ್ತದೆ.

ಆದರೆ ಈ ಚಿತ್ರಗಳು ಮಾತನಾಡುವುದಿಲ್ಲ. ಬಹುಪಾಲು ಚಿತ್ರಗಳಲ್ಲಿ ಸಂಗೀತವಿದೆ, ಹೆಜ್ಜೆಯ ಸದ್ದಿದೆ, ನಿಟ್ಟುಸಿರಿದೆ, ಮಾತಿಲ್ಲ. ಮಾತಿರುವ ಕೆಲವು ಇಂಗ್ಲಿಷಿನಲ್ಲಿ, ಒಂದೆರಡು ಹಿಂದಿಯಲ್ಲಿ. ಕನ್ನಡ ಕಿವಿಗೆ ಬಿದ್ದರೆ ಅದು ಬೀದಿಯಲ್ಲಿ ಸೊಪ್ಪು ಮಾರುವವರ ಕೂಗು, ಇಲ್ಲವೇ ಆಟೋ ಚಾಲಕರ ಒಂದು ಗದರಿಕೆ. ಪಾತ್ರವೊಂದು ಇನ್ನೊಂದು ಪಾತ್ರದೊಡನೆ ಕನ್ನಡದಲ್ಲಿ ಜಗಳವಾಡುವುದನ್ನು, ಸುಳ್ಳು ಹೇಳುವುದನ್ನು, ಸಮಾಧಾನ ಮಾಡುವುದನ್ನು ನಾನು ಕೇಳಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ಇದನ್ನು ಭಾಷಾಭಿಮಾನದ ಕೊರತೆ ಎಂದು ದೂರುವುದು ಸುಲಭ. ಆ ದೂರು ತಪ್ಪು ಎಂದೇ ನನ್ನ ನಂಬಿಕೆ. ಮಾತಿಲ್ಲದಿರುವುದಕ್ಕೆ ಲೆಕ್ಕಾಚಾರದ ಕಾರಣವಿದೆ, ಪಠ್ಯಕ್ರಮದ ಕಾರಣವಿದೆ, ಉದ್ಯಮದ ಕಾರಣವಿದೆ, ನಮ್ಮ ಟೆಲಿವಿಷನ್ ಇತಿಹಾಸದ ಕಾರಣವೂ ಇದೆ. ವಿದ್ಯಾರ್ಥಿಯ ಮನಸ್ಸಿನ ಸರದಿ ಕೊನೆಯಲ್ಲಿ ಬರುತ್ತದೆ.

ಮೊದಲು ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು. ಕೈಯಿಂದ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ. ನಾಲ್ಕು ನಿಮಿಷದ ಚಿತ್ರಕ್ಕೆ 240 ಸೆಕೆಂಡು, 2,880 ಚಿತ್ರಗಳು. ಒಬ್ಬ ವಿದ್ಯಾರ್ಥಿ ದಿನಕ್ಕೆ 15 ಚಿತ್ರಗಳನ್ನು ತಿದ್ದಿ ಅಚ್ಚುಕಟ್ಟಾಗಿ ಮುಗಿಸುತ್ತಾನೆ ಎಂದುಕೊಂಡರೂ 192 ದಿನ ಬೇಕು. ಭಾನುವಾರವಿಲ್ಲ, ಜ್ವರವಿಲ್ಲ, ಕಂಪ್ಯೂಟರ್ ಕೈಕೊಡುವಂತಿಲ್ಲ. ಇದರಲ್ಲಿ ಬಣ್ಣ ತುಂಬುವ ಕೆಲಸ ಸೇರಿಲ್ಲ, ಹಿನ್ನೆಲೆಯ ಚಿತ್ರ ಸೇರಿಲ್ಲ. ಪರದೆಯ ಮೇಲೆ ಎರಡು ಪಾತ್ರಗಳಿದ್ದರೆ ಲೆಕ್ಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪದವಿಯ ಕೊನೆಯ ಸೆಮಿಸ್ಟರ್ ಇರುವುದು ಐದಾರು ತಿಂಗಳು. ಮೂರು ಆಯಾಮದ ಚಿತ್ರ ಮಾಡುವವರಿಗೆ ಬಿಡಿಸುವ ಕೆಲಸ ಕಡಿಮೆ, ಆದರೆ ಪಾತ್ರದ ಮೈ ಕಟ್ಟಿ, ಅದಕ್ಕೆ ಕೀಲುಗಳನ್ನು ಕೂರಿಸಿ, ಕೊನೆಗೆ ರೆಂಡರ್ ಆಗುವುದನ್ನು, ಅಂದರೆ ಕಂಪ್ಯೂಟರ್ ಎಲ್ಲವನ್ನೂ ಕೂಡಿಸಿ ಅಂತಿಮ ಚಿತ್ರ ತೆಗೆದುಕೊಡುವುದನ್ನು, ಕಾಯುತ್ತ ಕೂರುವ ರಾತ್ರಿಗಳು ಅಷ್ಟೇ ಉದ್ದ.

ಈ ಲೆಕ್ಕದೊಳಗೆ ಮಾತು ಬಂದರೆ ಏನಾಗುತ್ತದೆ ಎಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ಸಾಮಾನ್ಯ ಸಿನಿಮಾದಲ್ಲಿ ಚಿತ್ರೀಕರಣ ಮುಗಿದ ಮೇಲೂ ಮಾತನ್ನು ಬದಲಿಸಬಹುದು, ಡಬ್ಬಿಂಗ್ ಕೋಣೆಯಲ್ಲಿ ಕುಳಿತು ಸಂಭಾಷಣೆ ತಿದ್ದಬಹುದು. ಅನಿಮೇಶನ್‌ನಲ್ಲಿ ಕ್ರಮ ತಿರುಗುಮುರುಗು. ಧ್ವನಿ ಮೊದಲು, ಚಿತ್ರ ಆಮೇಲೆ. ನಟಿ ಒಂದು ಮಾತನ್ನು ಎಷ್ಟು ಹೊತ್ತು ಎಳೆದಳು, ಎಲ್ಲಿ ಉಸಿರು ತೆಗೆದುಕೊಂಡಳು ಎಂಬುದನ್ನು ಫ್ರೇಮು ಫ್ರೇಮಾಗಿ ಎಣಿಸಿ, ಆ ಎಣಿಕೆಗೆ ತಕ್ಕಂತೆ ಬಾಯಿ, ಹುಬ್ಬು, ಕೈ ಬಿಡಿಸಬೇಕು. ಹಾಗಾಗಿ ಮಾತಿನ ಚಿತ್ರ ಮಾಡುವವರು ಸೆಮಿಸ್ಟರ್ ಶುರುವಾದ ಕೆಲವೇ ವಾರಗಳಲ್ಲಿ ಸಂಭಾಷಣೆ ಬರೆದು, ನಟರನ್ನು ಹುಡುಕಿ, ಧ್ವನಿಮುದ್ರಣ ಮುಗಿಸಿರಬೇಕು. ಕತೆಯೇ ಇನ್ನೂ ಗಟ್ಟಿಯಾಗಿಲ್ಲದ ಹೊತ್ತಿನಲ್ಲಿ ಇದು ಹೆದರಿಸುವ ಕೆಲಸ. ಮಾತು ಬಿಟ್ಟರೆ ಎರಡು ತಿಂಗಳು ಉಳಿಯುತ್ತದೆ ಎಂದು ಯಾರೋ ಹಿರಿಯ ವಿದ್ಯಾರ್ಥಿ ಹೇಳುತ್ತಾನೆ. ಮಾತು ಬಿಟ್ಟುಹೋಗುತ್ತದೆ.

ಇದಕ್ಕೊಂದು ಬಲವಾದ ಎದುರುವಾದವಿದೆ, ಅದನ್ನು ಮರೆಮಾಚಬಾರದು. 2025ರ ಮಾರ್ಚಿನಲ್ಲಿ ಅತ್ಯುತ್ತಮ ಅನಿಮೇಶನ್ ಚಿತ್ರದ ಆಸ್ಕರ್ ಗೆದ್ದ ‘ಫ್ಲೋ’ದಲ್ಲಿ ಒಂದೇ ಒಂದು ಮಾತಿಲ್ಲ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೊಡಿಸ್ ಅದನ್ನು ಮಾಡಿದ್ದು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ. ಅದಕ್ಕೂ ಮುಂಚಿನ ಅವರ ‘ಅವೇ’ ಚಿತ್ರವನ್ನು ಅವರೊಬ್ಬರೇ ವರ್ಷಗಟ್ಟಲೆ ಕುಳಿತು ಮಾಡಿದ್ದರು, ಅದರಲ್ಲೂ ಮಾತಿಲ್ಲ. ಲಾಟ್ವಿಯಾದ ಇಡೀ ಜನಸಂಖ್ಯೆ ಇಪ್ಪತ್ತು ಲಕ್ಷವನ್ನು ಮುಟ್ಟುವುದಿಲ್ಲ. ಬೆಂಗಳೂರಿನ ಒಂದು ಮೂಲೆಯಲ್ಲಿ ಕರಗಿಹೋಗುವಷ್ಟು ಜನ. ಹೀಗಿರುವಾಗ ಮಾತಿಲ್ಲದಿರುವುದೇ ಸಣ್ಣ ಭಾಷೆಯವರ ಬಲವಲ್ಲವೇ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ‘ಫ್ಲೋ’ದ ಪಾತ್ರಗಳೆಲ್ಲ ಪ್ರಾಣಿಗಳು. ಬೆಕ್ಕು ಬೆಕ್ಕಿನಂತೆಯೇ ಕೂಗುತ್ತದೆ. ಅಲ್ಲಿನ ಮೌನ ಕತೆಯ ಮೂಳೆಯಲ್ಲೇ ಇದೆ. ಆದರೆ ಮಲ್ಲೇಶ್ವರದ ಅಡುಗೆಮನೆಯಲ್ಲಿ ತಾಯಿ ಮಗಳು ಎದುರುಬದುರು ಕುಳಿತಿದ್ದಾರೆ, ಮಗಳು ಊರು ಬಿಟ್ಟು ಹೋಗುತ್ತಿದ್ದಾಳೆ, ಇಬ್ಬರೂ ಮೂರು ನಿಮಿಷ ಬರೀ ಕಣ್ಣು ಮಿಟುಕಿಸುತ್ತಾರೆ, ಪಿಯಾನೊ ನುಡಿಯುತ್ತದೆ. ಅಂಥ ದೃಶ್ಯದಲ್ಲಿ ಮೌನ ಆರಿಸಿಕೊಂಡದ್ದಲ್ಲ, ಅನಿವಾರ್ಯವಾದದ್ದು. ನೋಡುವವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಯಾವ ತಾಯಿಯೂ ಆ ಹೊತ್ತಿನಲ್ಲಿ ‘ಚಾರ್ಜರ್ ಇಟ್ಟುಕೊಂಡೆಯಾ?’ ಎಂದಾದರೂ ಕೇಳದೆ ಇರುವುದಿಲ್ಲ.

ಮಾತನ್ನು ಬಿಡಿಸಲು ಕಲಿಸುವ ವಿಧಾನದಲ್ಲೇ ಇನ್ನೊಂದು ತೊಡಕಿದೆ. ಅನಿಮೇಶನ್ ಕಲಿಯುವವರಿಗೆ ಬಾಯಿಯ ಆಕಾರಗಳ ಒಂದು ಪಟ್ಟಿ ಕೊಡುತ್ತಾರೆ. ಅದು ಇಂಗ್ಲಿಷ್ ಉಚ್ಚಾರಣೆಗೆ ಹೊಂದಿಸಿದ ಪಟ್ಟಿ. ಎಂ, ಬಿ, ಪಿ ಅಕ್ಷರಗಳಿಗೆ ಮುಚ್ಚಿದ ತುಟಿ. ಎಫ್, ವಿ ಅಕ್ಷರಗಳಿಗೆ ಕೆಳತುಟಿಯ ಮೇಲೆ ಹಲ್ಲು. ಓ ಎಂದರೆ ದುಂಡು ಬಾಯಿ. ಇದನ್ನು ಕನ್ನಡಕ್ಕೆ ಹಾಗೆಯೇ ಹಚ್ಚಿದರೆ ಪಾತ್ರ ಡಬ್ಬಿಂಗ್ ಚಿತ್ರದ ಹಾಗೆ ಕಾಣುತ್ತದೆ, ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಏಕೆಂದರೆ ಕನ್ನಡದ ಲಯ ಬೇರೆ.

‘ಅಮ್ಮ’ ಎಂದು ಕನ್ನಡಿಯ ಮುಂದೆ ಹೇಳಿ ನೋಡಿ. ತುಟಿ ಮುಚ್ಚುವುದಷ್ಟೇ ಅಲ್ಲ, ಮುಚ್ಚಿ ನಿಲ್ಲುತ್ತದೆ. ಆ ಒತ್ತಕ್ಷರದ ನಿಲುಗಡೆಗೆ ಹೆಚ್ಚಿನ ಫ್ರೇಮುಗಳನ್ನು ಕೊಡಬೇಕು. ಕೊಡದಿದ್ದರೆ ಪಾತ್ರ ‘ಅಮ’ ಎಂದಂತೆ ಕಾಣುತ್ತದೆ. ‘ಅಪ್ಪ’ದಲ್ಲೂ ಹಾಗೆಯೇ. ಆದರೆ ‘ಅಕ್ಕ’ ಎನ್ನುವಾಗ ನಿಲುಗಡೆ ಗಂಟಲಿನ ಹತ್ತಿರ ಆಗುತ್ತದೆ, ತುಟಿ ತೆರೆದೇ ಇರುತ್ತದೆ. ಅಲ್ಲಿ ತುಟಿಯನ್ನು ಆಡಿಸುವ ಬದಲು ದವಡೆಯನ್ನು ಒಂದು ಕ್ಷಣ ತಡೆದು ಹಿಡಿಯಬೇಕು. ‘ಬಳೆ’ಗೂ ‘ಬಾಳೆ’ಗೂ ಇರುವ ವ್ಯತ್ಯಾಸ ಒಂದು ದೀರ್ಘ ಸ್ವರ, ಅಂದರೆ ಬಾಯಿ ಒಂದೆರಡು ಚಿತ್ರ ಹೆಚ್ಚು ಹೊತ್ತು ತೆರೆದಿರಬೇಕು. ‘ಳ’ ಮತ್ತು ‘ಣ’ಗಳಲ್ಲಿ ನಾಲಿಗೆಯ ತುದಿ ಒಳಗೆ ಮಡಚಿಕೊಳ್ಳುತ್ತದೆ, ಹೊರಗೆ ಕಾಣುವುದು ತುಸು ತೆರೆದ ಬಾಯಿ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದ ಪದಗಳು ಬಹುತೇಕ ಸ್ವರದಲ್ಲಿ ಕೊನೆಗೊಳ್ಳುತ್ತವೆ. ಮಾತು ಮುಗಿದಾಗ ಬಾಯಿ ಥಟ್ಟನೆ ಮುಚ್ಚುವುದಿಲ್ಲ, ತೆರೆದ ಬಾಯಿ ನಿಧಾನವಾಗಿ ಸಡಿಲವಾಗುತ್ತದೆ. ‘ಬಂದೆಯಾ?’ ಎಂದು ಕೇಳಿದವನ ಬಾಯಿ ಉತ್ತರಕ್ಕಾಗಿ ತೆರೆದೇ ಇರುತ್ತದೆ. ಆ ತೆರೆದ ಬಾಯಿಯಲ್ಲಿ ಅರ್ಧ ನಟನೆ ಇದೆ.

ಇದನ್ನೆಲ್ಲ ಕನ್ನಡದ ವರ್ಣಮಾಲೆಯೇ ಹೇಳಿಕೊಡುತ್ತದೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದು ಬಾಯಿ ಎಲ್ಲಿ ಮುಚ್ಚುತ್ತದೆ, ಎಲ್ಲಿ ತೆರೆಯುತ್ತದೆ ಎಂಬುದರ ಪಟ್ಟಿಯೇ. ಓಷ್ಠ್ಯದ ಸಾಲು, ಅಂದರೆ ಪ, ಫ, ಬ, ಭ, ಮ, ಒಂದೇ ಬಾಯಿಯ ಆಕಾರ. ಉಳಿದ ನಾಲ್ಕು ವರ್ಗಗಳಲ್ಲಿ ತುಟಿ ಮುಚ್ಚುವುದೇ ಇಲ್ಲ. ಅನಿಮೇಶನ್ ಕಲಿಸುವ ಅಧ್ಯಾಪಕರೂ ಒಬ್ಬ ಭಾಷಾ ಅಧ್ಯಾಪಕರೂ ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತರೆ ಕನ್ನಡದ ಬಾಯಿಪಟ್ಟಿ ಸಿದ್ಧವಾಗುತ್ತದೆ. ಈ ನಗರದ ಪ್ರತಿ ಅನಿಮೇಶನ್ ತರಗತಿಯ ಗೋಡೆಯ ಮೇಲೆ ಅದು ಇರಬೇಕು ಎಂಬುದು ನನ್ನ ಆಸೆ.

ಇನ್ನು ಕಿವಿಯ ವಿಷಯ. ಈಗ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಗೆ ಕಾರ್ಟೂನ್ ಪಾತ್ರವೊಂದು ಮಾತನಾಡುವುದು ಎಂದರೆ ಕಿವಿಯಲ್ಲಿ ಯಾವ ಭಾಷೆ ಮೊಳಗುತ್ತದೆ? ಕರ್ನಾಟಕದಲ್ಲಿ ಅರವತ್ತರ ದಶಕದ ಚಳವಳಿಯಿಂದ ಆರಂಭವಾಗಿ ದಶಕಗಳ ಕಾಲ ಡಬ್ಬಿಂಗ್‌ಗೆ ವಿರೋಧವಿತ್ತು. ಆಗಿನ ಕಾಲಕ್ಕೆ ಅದಕ್ಕೆ ಬಲವಾದ ಕಾರಣವಿತ್ತು. ಕನ್ನಡದ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸ ಉಳಿಯಬೇಕಿತ್ತು. ಆದರೆ ಆ ತಡೆ ಮಕ್ಕಳ ಕಾರ್ಟೂನುಗಳನ್ನೂ ಹೊರಗಿಟ್ಟಿತು. 2009ರಲ್ಲಿ ಚಿಂಟು ಟಿವಿ ಬರುವವರೆಗೆ ಕನ್ನಡದಲ್ಲಿ ಮಕ್ಕಳದ್ದೇ ಆದ ವಾಹಿನಿ ಇರಲಿಲ್ಲ. ನೆರೆಯ ರಾಜ್ಯಗಳ ಮಕ್ಕಳು ತಮಿಳಿನಲ್ಲಿ, ತೆಲುಗಿನಲ್ಲಿ ಕಾರ್ಟೂನ್ ನೋಡುತ್ತಿದ್ದಾಗ ನಮ್ಮ ಮಕ್ಕಳು ಅವೇ ಭಾಷೆಗಳಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಿದರು. ಇಂದು ಬೋಧಿಸುತ್ತಿರುವ ಅಧ್ಯಾಪಕರ ಪೀಳಿಗೆಗೆ ಕನ್ನಡ ಮಾತನಾಡುವ ಕಾರ್ಟೂನ್ ಎಂಬ ಬಾಲ್ಯದ ನೆನಪೇ ಇಲ್ಲ. ನೆನಪಿನಲ್ಲಿಲ್ಲದ ದನಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಬರೆದ ಕನ್ನಡ ಸಂಭಾಷಣೆ ‘ಯಾಕೋ ಹೊಂದುತ್ತಿಲ್ಲ’ ಎಂದು ವಿದ್ಯಾರ್ಥಿಗಳು ಅಳಿಸಿಹಾಕುವುದನ್ನು ನೋಡಿದ್ದೇನೆ. ಹೊಂದದಿರುವುದು ಸಂಭಾಷಣೆಯಲ್ಲ, ಕಿವಿಯ ಅಭ್ಯಾಸ.

ಉದ್ಯಮ ಈ ಅಭ್ಯಾಸವನ್ನು ಗಟ್ಟಿ ಮಾಡಿತು. ಬೆಂಗಳೂರಿನ ಅನಿಮೇಶನ್ ಬೆಳೆದದ್ದು ಹೊರಗುತ್ತಿಗೆಯ ನೆಲದ ಮೇಲೆ. ಕತೆ, ಪಾತ್ರ, ಧ್ವನಿ ಅಮೆರಿಕದಲ್ಲೋ ಯುರೋಪಿನಲ್ಲೋ ಸಿದ್ಧವಾಗುತ್ತವೆ. ಇಲ್ಲಿನ ಸ್ಟುಡಿಯೊಗಳು ಚಲನೆ, ಬೆಳಕು, ದೃಶ್ಯ ಪರಿಣಾಮಗಳನ್ನು ಮಾಡಿಕೊಡುತ್ತವೆ. ಈ ಕೆಲಸವನ್ನು ನಾನು ಕೀಳೆನ್ನುವುದಿಲ್ಲ. ಸಾವಿರಾರು ಕುಟುಂಬಗಳಿಗೆ ಅದು ಅನ್ನ ಕೊಟ್ಟಿದೆ, ಇಲ್ಲಿನ ಕೈಗಳನ್ನು ಜಗತ್ತಿನ ಉತ್ತಮ ಕೈಗಳ ಸಾಲಿಗೆ ಸೇರಿಸಿದೆ. ಆದರೆ ಕಾಲೇಜುಗಳು ಅದಕ್ಕೆ ತಕ್ಕ ಕೈಗಳನ್ನು ತಯಾರಿಸುವುದನ್ನೇ ಗುರಿಯಾಗಿಸಿಕೊಂಡವು. ಅಲ್ಲಿ ಬೇಕಾದದ್ದು ಶೋರೀಲ್, ಕೆಲಸ ಕೇಳುವಾಗ ತೋರಿಸುವ ಮಾದರಿ ತುಣುಕುಗಳ ಕಟ್ಟು: ಒಂದೂವರೆ ನಿಮಿಷದಲ್ಲಿ ನಡಿಗೆ, ಓಟ, ಭಾರ ಎತ್ತುವುದು, ಬಟ್ಟೆಯ ಅಲುಗಾಟ, ನೀರಿನ ಹೊಳಪು. ಕಿರುಚಿತ್ರವೂ ನಿಧಾನವಾಗಿ ಶೋರೀಲ್‌ನ ಉದ್ದನೆಯ ರೂಪವಾಯಿತು. ಲಂಡನ್ನಿನಲ್ಲಿ ಕುಳಿತ ಮೇಲ್ವಿಚಾರಕನಿಗೆ ಅರ್ಥವಾಗಬೇಕಾದ ಶೋರೀಲ್‌ನಲ್ಲಿ ಕನ್ನಡ ಏಕಿರುತ್ತದೆ?

ಸರ್ಕಾರದ ನೋಟವೂ ಬಹುಮಟ್ಟಿಗೆ ಇದೇ. ಅನಿಮೇಶನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. ಮಹದೇವಪುರದಲ್ಲಿ 2021ರಲ್ಲಿ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಚಿಕ್ಕ ಸಂಸ್ಥೆಗಳಿಗೆ ಕೊಳ್ಳಲಾಗದ ಸಲಕರಣೆ ಅಲ್ಲಿದೆ. 2024ರಲ್ಲಿ ಬಂದ ಮೂರನೆಯ ನೀತಿ 30 ಸಾವಿರ ಹೊಸ ಉದ್ಯೋಗಗಳ ಗುರಿ ಇಟ್ಟುಕೊಂಡಿತು. ಎಲ್ಲವೂ ಬೇಕಾದದ್ದೇ. ಆದರೆ ಈ ಎಣಿಕೆಯಲ್ಲಿ ಉದ್ಯೋಗಕ್ಕೆ ಇರುವ ಸ್ಥಾನ ಚಿತ್ರಕ್ಕಿಲ್ಲ. ಎಷ್ಟು ಕೈಗಳು ಎಂಬ ಲೆಕ್ಕ ಸಿಗುತ್ತದೆ, ಎಷ್ಟು ಕತೆಗಳು ಎಂದು ಯಾರೂ ಕೇಳುವುದಿಲ್ಲ.

ಈ ನೀತಿ ಬಂದು ವರ್ಷವಾಗುವ ಹೊತ್ತಿಗೆ, 2025ರ ಫೆಬ್ರವರಿಯಲ್ಲಿ, ಸಿನಿಮಾಗಳಿಗೆ ದೃಶ್ಯ ಪರಿಣಾಮ, ಅನಿಮೇಶನ್ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದುಬಿತ್ತು. ಫ್ರಾನ್ಸಿನಲ್ಲಿ ತಾಯಿಸಂಸ್ಥೆಗೆ ಹಣ ಹುಟ್ಟಲಿಲ್ಲ; ಬೆಂಗಳೂರು ಮತ್ತು ಮುಂಬೈಗಳಲ್ಲಿ ಸುಮಾರು 3 ಸಾವಿರ ಮಂದಿಯ ಕೆಲಸಕ್ಕೆ ಕುತ್ತು ಬಂತು. ಅದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯಿಂದ ವಿಡಿಯೊ ಹುಟ್ಟಿಸುವ ಯಂತ್ರಗಳು ಸಾಮಾನ್ಯರ ಕೈಗೂ ಬಂದವು. ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುವುದು, ಗೆರೆ ಶುದ್ಧ ಮಾಡುವುದು, ಬಣ್ಣ ಹಚ್ಚುವುದು: ಹೊಸಬರು ಸ್ಟುಡಿಯೊಗೆ ಕಾಲಿಡುತ್ತಿದ್ದ ಬಾಗಿಲು ಇದೇ ಆಗಿತ್ತು. ಯಂತ್ರ ಮೊದಲು ಕೈ ಹಾಕಿದ್ದೂ ಇದೇ ಬಾಗಿಲಿಗೆ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ಕಲಿತ ಮಕ್ಕಳ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ.

ಹೀಗಾಗಿಯೇ ವಿದ್ಯಾರ್ಥಿಯ ಕಿರುಚಿತ್ರದ ಪ್ರಶ್ನೆ ಈಗ ತುರ್ತಾಗಿದೆ. ಕೈಚಳಕದ ಶೋರೀಲ್‌ಗೆ ಕೆಲಸ ಗ್ಯಾರಂಟಿ ಇದ್ದ ಕಾಲ ಹೋದ ಮೇಲೆ, ಉಳಿಯುವುದು ಇವರು ಏನು ಹೇಳಬಲ್ಲರು ಎಂಬುದು. ಯಂತ್ರ ಕೊಡುವ ಚಿತ್ರಗಳಲ್ಲಿ ಅಂಗಡಿಯ ಕನ್ನಡ ಬೋರ್ಡು ಹಲವು ಬಾರಿ ಯಾವ ಭಾಷೆಯೂ ಅಲ್ಲದ ಸುರುಳಿಗಳಾಗಿರುತ್ತದೆ. ಗಾಂಧಿಬಜಾರಿನ ಹೂವಿನ ಅಂಗಡಿಯಾಕೆ ಮೊಳ ಅಳೆಯುವಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವನ್ನು ಎಳೆದು, ಕೊನೆಗೆ ಒಂದು ಗೇಣು ಹೆಚ್ಚು ಬಿಟ್ಟುಕೊಡುವ ಆ ಚಲನೆಯನ್ನು ಅಲ್ಲಿ ನಿಂತು ನೋಡಿದವರೇ ಬಿಡಿಸಬೇಕು.

ಸಾಧ್ಯವಿದೆಯೇ? 2024ರ ಕಾನ್ ಚಿತ್ರೋತ್ಸವ ಒಂದು ಉತ್ತರ ಕೊಟ್ಟಿದೆ. ಅಲ್ಲಿ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಲಾ ಸಿನೆಫ್ ಎಂಬ ವಿಭಾಗವಿದೆ. ಎರಡು ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ 18 ಚಿತ್ರಗಳು ಆಯ್ಕೆಯಾದವು. ಮೊದಲ ಬಹುಮಾನ ಬಂದದ್ದು ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಒಂದು ವರ್ಷದ ಕೋರ್ಸಿನಲ್ಲಿದ್ದಾಗ ಮಾಡಿದ ಕನ್ನಡ ಕಿರುಚಿತ್ರಕ್ಕೆ. ಕೋಳಿ ಕೂಗಿದರೇ ಬೆಳಗಾಗುವುದು, ಆ ಕೋಳಿಯನ್ನು ಮುದುಕಿಯೊಬ್ಬಳು ಕದ್ದೊಯ್ಯುತ್ತಾಳೆ, ಊರಿಗೆ ಊರೇ ಕತ್ತಲಲ್ಲಿ ಮುಳುಗುತ್ತದೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಜನಪದ ಕತೆಯ ಎಳೆ ಅದು. ಅದು ನಟರನ್ನಿಟ್ಟು ಚಿತ್ರೀಕರಿಸಿದ್ದು, ಅನಿಮೇಶನ್ ಅಲ್ಲ. ಆದರೆ ಅದೇ ವರ್ಷ ಅದೇ ವಿಭಾಗದಲ್ಲಿ ಮೂರನೆಯ ಬಹುಮಾನ ಹಂಚಿಕೊಂಡ ‘ಬನ್ನಿಹುಡ್’ ಅನಿಮೇಶನ್ ಚಿತ್ರ. ಮೇರಠ್‌ನ ಮಾನ್ಸಿ ಮಹೇಶ್ವರಿ ಬ್ರಿಟನ್ನಿನ ರಾಷ್ಟ್ರೀಯ ಚಲನಚಿತ್ರ ಮತ್ತು ಟೆಲಿವಿಷನ್ ಶಾಲೆಯಲ್ಲಿ ಓದುವಾಗ ಮಾಡಿದ್ದು. ಒಂದು ಕನ್ನಡದ ಮಾತು, ಒಂದು ಅನಿಮೇಶನ್. ಎರಡೂ ಒಂದೇ ಚಿತ್ರದಲ್ಲಿ ಸೇರುವುದು ಅಸಾಧ್ಯವೇನಲ್ಲ.

ಈ ಎರಡು ಚಿತ್ರಗಳಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅವು ಹುಟ್ಟಿದ ರೀತಿ. ಪುಣೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಎಲ್ಲಕ್ಕೂ ಬೇರೆ ಬೇರೆ ವಿದ್ಯಾರ್ಥಿಗಳಿದ್ದಾರೆ, ಒಂದು ಚಿತ್ರದಲ್ಲಿ ಅವರೆಲ್ಲ ಸೇರುತ್ತಾರೆ. ಬ್ರಿಟನ್ನಿನ ಆ ಶಾಲೆಯಲ್ಲೂ ಹಾಗೆಯೇ. ಅನಿಮೇಶನ್ ನಿರ್ದೇಶಕಿಯ ಪಕ್ಕದಲ್ಲಿ ಧ್ವನಿಯ ವಿದ್ಯಾರ್ಥಿ, ಸಂಗೀತದ ವಿದ್ಯಾರ್ಥಿ. ಪ್ಯಾರಿಸ್ಸಿನ ಗೋಬ್ಲಾಂ ಎಂಬ ಅನಿಮೇಶನ್ ಶಾಲೆಯಲ್ಲಿ ಹಲವು ಮಂದಿ ಗುಂಪಾಗಿ ಒಂದು ಚಿತ್ರ ಮಾಡುತ್ತಾರೆ. ಬೆಂಗಳೂರಿನಲ್ಲಿ ಅನಿಮೇಶನ್ ಶಾಲೆ ಎಂದರೆ ಕಲೆ ಮತ್ತು ವಿನ್ಯಾಸದ ಶಾಲೆ, ಇಲ್ಲವೇ ಕಂಪ್ಯೂಟರ್ ತರಬೇತಿ ಸಂಸ್ಥೆ. ಅಲ್ಲಿ ಧ್ವನಿ ಕಲಿಯುವ ವಿದ್ಯಾರ್ಥಿಯನ್ನು ಹುಡುಕಿದರೂ ಸಿಗುವುದು ಕಷ್ಟ. ಚಿತ್ರ ಬಿಡಿಸುವವನೇ ಕೊನೆಯ ವಾರದಲ್ಲಿ ಅಂತರಜಾಲದ ಉಚಿತ ಸದ್ದುಗಳನ್ನು ಹೆಕ್ಕಿ ಅಂಟಿಸುತ್ತಾನೆ. ಜಯನಗರದ ಮನೆಯ ಬಾಗಿಲು ಯಾವುದೋ ದೇಶದ ಬಾಗಿಲಿನಂತೆ ಕಿರುಗುಟ್ಟುತ್ತದೆ.

ಹಾಗಾದರೆ ಬೆಂಗಳೂರಿನಲ್ಲಿ ಧ್ವನಿ ಕಲಿಸುವವರೇ ಇಲ್ಲವೇ? ಇದ್ದಾರೆ, ದೇಶದ ಬೇರೆ ಬಹುತೇಕ ಕಡೆಗಳಿಗಿಂತ ಮೊದಲಿನಿಂದಲೂ ಇದ್ದಾರೆ. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಲ್ಲಿ ಆರಂಭವಾದ ಸಿನಿಮಾ ಶಿಕ್ಷಣ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ. ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಕಲಿತದ್ದು ಆ ಪರಂಪರೆಯಲ್ಲಿ. ಅಲ್ಲಿ ಛಾಯಾಗ್ರಹಣದ ಜೊತೆಗೆ ಧ್ವನಿಗ್ರಹಣದ ಡಿಪ್ಲೊಮಾ ಇದೆ, ಕನ್ನಡ ಮಾಧ್ಯಮದಲ್ಲಿ ಓದಿ ಜಿಲ್ಲೆಗಳಿಂದ ಬಂದ ಮಕ್ಕಳಿದ್ದಾರೆ. ಖಾಸಗಿ ವಿನ್ಯಾಸ ಶಾಲೆಗಳಿರುವ ಯಲಹಂಕದಿಂದ ಹೆಸರಘಟ್ಟ ದೂರವೇನಲ್ಲ. ಆದರೂ ಈ ಎರಡು ಲೋಕಗಳ ವಿದ್ಯಾರ್ಥಿಗಳು ಪರಸ್ಪರ ಭೇಟಿಯಾಗುವುದನ್ನು ನಾನು ಕಂಡಿಲ್ಲ. ಒಂದು ಕಡೆ ಇಂಗ್ಲಿಷ್, ಲಕ್ಷಗಳ ಶುಲ್ಕ, ಹೊಸ ಕಂಪ್ಯೂಟರುಗಳು. ಇನ್ನೊಂದು ಕಡೆ ಕನ್ನಡ, ಸರ್ಕಾರಿ ಶುಲ್ಕ, ಮೈಕು ಹಿಡಿಯಲು ಬಲ್ಲ ಕೈಗಳು. ನಮ್ಮ ಮೂರು ನಿಮಿಷದ ಚಿತ್ರಗಳ ಮೌನ ಹುಟ್ಟುವುದು ಈ ನಡುವಿನ ದಾರಿಯಲ್ಲಿ ಎಂದು ನನಗೆ ಬಲವಾಗಿ ಅನಿಸುತ್ತದೆ.

ಚಿತ್ರ ಮುಗಿದ ಮೇಲೆ ಎಲ್ಲಿ ಹೋಗುತ್ತದೆ ಎಂಬುದು ಬೇರೆ ಕತೆ. ಆನ್‌ಲೈನ್‌ನಲ್ಲಿ ಬಹಿರಂಗವಾಗಿ ಹಾಕಿದರೆ ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಚಿತ್ರ ಪಾಸ್‌ವರ್ಡಿನ ಹಿಂದೆ ವರ್ಷಗಟ್ಟಲೆ ಕೂರುತ್ತದೆ. ವಿದೇಶಿ ಉತ್ಸವಗಳ ಪ್ರವೇಶ ಶುಲ್ಕ ಹಲವು ಬಾರಿ ಡಾಲರಿನಲ್ಲಿರುತ್ತದೆ. ಕೆಲವು ಸಂಸ್ಥೆಗಳ ನಿಯಮದಲ್ಲಿ ವಿದ್ಯಾರ್ಥಿ ಚಿತ್ರದ ಹಕ್ಕು ಸಂಸ್ಥೆಯದೇ. ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಸಾಲನ್ನು ಓದಿಕೊಳ್ಳಿ ಎಂದು ಪೋಷಕರಿಗೆ ಹೇಳಬೇಕೆನಿಸುತ್ತದೆ. ನಮ್ಮಲ್ಲಿ 2010ರಿಂದ ನಡೆಯುತ್ತಿರುವ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಇದೆ, ಅದು ಆಸ್ಕರ್ ಅರ್ಹತೆಯ ಪಟ್ಟಿಯಲ್ಲೂ ಇದೆ. ಆದರೆ ಕೇರಳದಲ್ಲಿ ಚಲಚ್ಚಿತ್ರ ಅಕಾಡೆಮಿ 2008ರಿಂದ ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೆಂದೇ ಉತ್ಸವ ನಡೆಸುತ್ತಿದೆ; ಅಲ್ಲಿ ಕ್ಯಾಂಪಸ್ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಯಿದೆ. ಮಲಯಾಳಂ ಮಾತಿನ ಒಂದು ವಿದ್ಯಾರ್ಥಿ ಚಿತ್ರಕ್ಕೆ ಮಲಯಾಳಂ ಬಲ್ಲ ತುಂಬಿದ ಸಭಾಂಗಣ ಸಿಗುತ್ತದೆ. ನಗುವ ಜಾಗದಲ್ಲಿ ಸಭೆ ನಕ್ಕರೆ ನಿರ್ದೇಶಕಿ ಮುಂದಿನ ಚಿತ್ರದಲ್ಲಿ ಇನ್ನೂ ಎರಡು ಮಾತು ಹೆಚ್ಚು ಬರೆಯುತ್ತಾಳೆ. ನಮ್ಮ ಚಲನಚಿತ್ರ ಅಕಾಡೆಮಿಯೂ ಇದನ್ನು ಮಾಡಬಲ್ಲದು, ಮಾಡಬೇಕು.

ಕನ್ನಡ ಮಾತಿನ ಅನಿಮೇಶನ್‌ಗೆ ಪ್ರೇಕ್ಷಕರಿಲ್ಲ ಎಂಬ ಮಾತನ್ನು ಇನ್ನು ಯಾರೂ ಆಡಬಾರದು. ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರ ಜುಲೈನಲ್ಲಿ ಕನ್ನಡದಲ್ಲೂ ಬಂತು. ದೇಶ ವಿದೇಶಗಳೆಲ್ಲ ಸೇರಿ 300 ಕೋಟಿ ರೂಪಾಯಿ ಗಳಿಕೆ ದಾಟಿದ ಮೊದಲ ಭಾರತೀಯ ಅನಿಮೇಶನ್ ಚಿತ್ರವಾಯಿತು. ಇನ್ನೊಂದು ಉದಾಹರಣೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ನಮ್ಮೆಲ್ಲರ ನಾಲಿಗೆಯ ಮೇಲಿರುವ ಗೋವಿನ ಹಾಡನ್ನು ಬೆಂಗಳೂರಿನ ವಿ. ರವಿಶಂಕರ್ ಜನರಿಂದ ಹಣ ಸೇರಿಸಿ, ಬೇರೆ ಬೇರೆ ಊರುಗಳ ಅನಿಮೇಶನ್ ಕಲಾವಿದರನ್ನು ಒಗ್ಗೂಡಿಸಿ ಚಿತ್ರ ಮಾಡಿದರು, 2020ರಲ್ಲಿ ಅದು ಬಿಡುಗಡೆಯಾಯಿತು. ಭಾಷೆ ಸಂಸ್ಕೃತ. ಅವರ ಸಾಹಸಕ್ಕೆ ನನ್ನ ಪೂರ್ಣ ಗೌರವವಿದೆ. ಆದರೂ ಪುಣ್ಯಕೋಟಿ ಪರದೆಯ ಮೇಲೆ ಬಾಯಿ ತೆರೆದಾಗ ಅವಳ ತುಟಿ ಕನ್ನಡಕ್ಕೆ ಹೊಂದಿ ಆಡುವುದನ್ನು ನೋಡುವ ಆಸೆ ನನ್ನಲ್ಲಿ ಉಳಿದೇ ಇದೆ.

ಚಿತ್ರ ಮತ್ತು ಮಾತನ್ನು ಜೋಡಿಸುವ ವಿದ್ಯೆ ನಮಗೆ ಹೊರಗಿನಿಂದ ಬರಬೇಕಾದದ್ದೂ ಅಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆಯಾಟಕ್ಕಾಗಿ. ತೊಗಲುಗೊಂಬೆಯ ಭುಜ, ಮೊಣಕೈ, ಸೊಂಟದಲ್ಲಿ ಕೀಲುಗಳಿವೆ. ಇಂದು ಕಂಪ್ಯೂಟರಿನಲ್ಲಿ ಚಪ್ಪಟೆ ಪಾತ್ರಗಳಿಗೆ ಕೀಲು ಕೂರಿಸುವವರು ಮಾಡುವುದು ಅದೇ ಕೆಲಸ. ಹಿಂದೆ ದೀಪ, ಮುಂದೆ ಬಿಳಿ ಪರದೆ. ಆ ಗೊಂಬೆಗಳ ಬಾಯಿ ಅಲುಗಾಡುವುದಿಲ್ಲ. ಮಾತು ಬಂದಾಗ ಕೈ ಮೇಲೇಳುತ್ತದೆ, ತಲೆ ತುಸು ಹಿಂದೆ ಹೋಗುತ್ತದೆ, ಎದುರಿನ ಗೊಂಬೆ ಅಲುಗಾಡದೆ ನಿಲ್ಲುತ್ತದೆ. ಯಾರು ಮಾತನಾಡುತ್ತಿದ್ದಾರೆ ಎಂದು ಮಗುವಿಗೂ ತಿಳಿಯುತ್ತದೆ. ಬಾಯಿ ಬಿಡಿಸಲು ಸಮಯವಿಲ್ಲ ಎಂದು ಮಾತನ್ನೇ ಬಿಡುವ ವಿದ್ಯಾರ್ಥಿಗಳು ಒಮ್ಮೆ ಈ ಆಟದ ಮುಂದೆ ಕುಳಿತು ಬರಬೇಕು. ಕತೆಯ ನಿರೂಪಣೆ ಕನ್ನಡದಲ್ಲಿದ್ದು ಪಾತ್ರಗಳು ಬಾಯಿ ಆಡಿಸದೆಯೇ ನಟಿಸಬಹುದು. ಒಬ್ಬರು ಮಾತನಾಡುವಾಗ ಪರದೆಯ ಮೇಲೆ ಕೇಳುವವರ ಮುಖ ತೋರಿಸಬಹುದು. ಸೆಮಿಸ್ಟರಿನ ಲೆಕ್ಕ ತಪ್ಪುವುದಿಲ್ಲ.

ಧ್ವನಿ ಕೊಡುವವರಿಗೂ ಬರವಿಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಿ, ರವೀಂದ್ರ ಕಲಾಕ್ಷೇತ್ರದಲ್ಲಿ ಸಂಜೆ ಹೊತ್ತು ನಿಂತರೆ ನೀನಾಸಂನಲ್ಲಿ ಕಲಿತವರು, ಹವ್ಯಾಸಿ ತಂಡಗಳವರು, ಧಾರವಾಡದ ಕನ್ನಡದಿಂದ ಕುಂದಾಪುರದ ಕನ್ನಡದವರೆಗೆ ಎಲ್ಲವನ್ನೂ ನುಡಿಯಬಲ್ಲವರು ಸಿಗುತ್ತಾರೆ. ಮೂರು ನಿಮಿಷದ ಚಿತ್ರದಲ್ಲಿ ಇರುವುದು ಹತ್ತು ಹನ್ನೆರಡು ಸಾಲು ಮಾತು. ಒಂದು ಸಂಜೆಯ ಕೆಲಸ.

ಅಂತಿಮ ವರ್ಷಕ್ಕೆ ಈಗ ಕಾಲಿಡುತ್ತಿರುವವರಿಗೆ ನನ್ನ ಸಲಹೆ ಬಹಳ ಚಿಕ್ಕದು. ಚಿತ್ರದ ಕೆಲಸ ಜೋರಾಗಿ ಶುರುವಾಗುವುದು ಜನವರಿಯಲ್ಲಿ, ಧ್ವನಿ ಬೇಕಾಗುವುದು ಅದಕ್ಕೂ ಮೊದಲು. ದಸರಾ ರಜೆಗೆ ಊರಿಗೆ ಹೋಗುವಾಗ ಹೆಸರಘಟ್ಟದಿಂದ ಧ್ವನಿ ಕಲಿಯುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮೈಕು ಅವರ ಬಳಿ ಇರುತ್ತದೆ. ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ತೆಗೆಯಿರಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ. ಅಜ್ಜಿಯ ಕೈಗೆ ಬರೆದ ಕಾಗದ ಕೊಡಬೇಡಿ, ಓದಲು ಹೊರಟರೆ ದನಿ ಬಿಗಿಯುತ್ತದೆ. ಕತೆ ಏನೆಂದು ಬಾಯಲ್ಲೇ ಹೇಳಿ, ‘ಅವಳ ಜಾಗದಲ್ಲಿ ನೀನಿದ್ದರೆ ಏನು ಅನ್ನುತ್ತಿದ್ದೆ, ಅಜ್ಜಿ?’ ಎಂದು ಕೇಳಿ. ಅವರು ಯೋಚಿಸುವ ಹೊತ್ತಿನ ಮೌನವನ್ನೂ ಮುದ್ರಿಸಿಕೊಳ್ಳಿ. ಕ್ರಿಸ್‌ಮಸ್ ಹೊತ್ತಿಗೆ ಅದನ್ನು ಫ್ರೇಮು ಫ್ರೇಮಾಗಿ ಎಣಿಸಿ ಹಾಳೆಯ ಮೇಲೆ ಬರೆದುಕೊಂಡಿದ್ದರೆ, ಜನವರಿಯ ಮೊದಲ ವಾರ ಬಿಡಿಸುವುದು ಎಲ್ಲಿಂದ ಎಂಬುದು ಗೊತ್ತಿರುತ್ತದೆ.